ಭಾನಾಮತಿ ಅಲ್ಲ, ದಾಳದ ಲೆಕ್ಕ!

ಅಕ್ಕಲಕೋಟ: ಪುಣೆಯಲ್ಲಿ ಕಲಿಯುವ ಮಗ ದಿವಾಳಿ ಸೂಟಿಗೆ ಊರಿಗೆ ಬಂದಿದ್ದಾನೆ ಎಂದುಕೊಳ್ಳಿ. ರಾತ್ರಿ ಹನ್ನೊಂದಾದರೂ ಒಳಕೋಣೆಯ ಬಾಗಿಲು ಮುಚ್ಚೇ ಇದೆ. ಲ್ಯಾಪ್‌ಟಾಪ್ ಮುಂದೆ ಕುಳಿತವನ ಮಾತು ಮಾತ್ರ ಹೊರಗೆ ಕೇಳುತ್ತದೆ. "ತಡೀರಿ, ಕತ್ತಲ ಗುಂಡ ಬಿಡ್ತೀನಿ. ನಾಲ್ಕೂ ಮಂದಿ ಒಳಗ ಸಿಕ್ಕೊಂಡ ಸಾಯ್ತಾರ."

ಹಾಲು ಕಾಸುತ್ತಿದ್ದ ತಾಯಿಯ ಎದೆ ಧಸಕ್ ಎನ್ನುತ್ತದೆ. ನಮ್ಮ ಕಡೆ ಇಂಥ ಮಾತಿಗೆ ಮೊದಲು ನೆನಪಾಗುವ ಶಬ್ದ ಭಾನಾಮತಿ. ಮರಾಠಿಯಲ್ಲಾದರೆ ಕರಣಿ.

ಅದು ಎರಡೂ ಅಲ್ಲ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಆಟ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂತು. ಮಾಡಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮೊದಲು ಅಚ್ಚಾಗಿದ್ದು ಬರೇ 1,000 ಪೆಟ್ಟಿಗೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. ನಮ್ಮ ಬಯಲಾಟಕ್ಕೆ ಸಾರಥಿ ಇದ್ದಂತೆ. ಆದರೆ ಬಯಲಾಟದಲ್ಲಿ ಯಾರು ಗೆಲ್ಲುತ್ತಾರೆಂದು ಊರಿಗೆಲ್ಲ ಗೊತ್ತು, ಇಲ್ಲಿ ಅದನ್ನು ದಾಳ ಹೇಳಬೇಕು. ದಾಳ ಅಂದ ಕೂಡಲೇ ಶಕುನಿ ನೆನಪಾದರೆ ತಪ್ಪೇನಿಲ್ಲ, ಆದರೆ ಇಲ್ಲಿ ಪಣಕ್ಕೆ ಇಡುವುದು ಏನೂ ಇಲ್ಲ. ಇದೇ ನಿಯಮದ ಮೇಲೆ ಬೆಲ್ಜಿಯಂನ ಲಾರಿಯನ್ ಕಂಪನಿ 2023ರಲ್ಲಿ ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಆಟ ತಂದಿತು.

ಮಗ ಹೇಳಿದ ಕತ್ತಲ ಗುಂಡಿನ ಹೆಸರು 'ಹಂಗರ್ ಆಫ್ ಹಡಾರ್', ಹಡಾರನ ಹಸಿವು. ನಕ್ಷತ್ರಗಳ ನಡುವಿನ ಕತ್ತಲೆಗೆ ಒಂದು ಬಾಗಿಲು ತೆರೆಯುತ್ತದೆ ಎಂಬುದು ಕಲ್ಪನೆ. (ಹಡಾರ್ ನಿಜವಾಗಿಯೂ ಒಂದು ನಕ್ಷತ್ರ. ಮೇ ತಿಂಗಳ ರಾತ್ರಿ ಹತ್ತರ ಸುಮಾರಿಗೆ ಮಾಳಿಗೆ ಹತ್ತಿ ದಕ್ಷಿಣಕ್ಕೆ ನೋಡಿದರೆ ಕೆಳಗೆ ಚೆನ್ನಾಗಿ ಹೊಳೆಯುತ್ತಿರುತ್ತದೆ.) ಆಟದ 2014ರ ನಿಯಮ ಪುಸ್ತಕದ ಪ್ರಕಾರ ಅದು 20 ಅಡಿ ತ್ರಿಜ್ಯದ ಕರೀ ಗೋಳ. ಒಳಗೆ ಯಾವ ದೀಪವೂ ಬೆಳಗದು, ಸಿಕ್ಕವನಿಗೆ ಕಣ್ಣು ಕಾಣದು. ಅವನ ಸರದಿ ಶುರುವಾದಾಗ ಥಂಡಿಯ ಪೆಟ್ಟು, ಆರು ಮುಖದ ಎರಡು ದಾಳದಷ್ಟು, ಸರಾಸರಿ 7. ಸರದಿ ಮುಗಿದಾಗ ತಪ್ಪಿಸಿಕೊಳ್ಳದಿದ್ದರೆ ಆಮ್ಲದ ಪೆಟ್ಟು, ಮತ್ತೆ ಅಷ್ಟೇ. ಹೊರಗೆ ಒಂದು ಸರದಿಗೆ 30 ಅಡಿ ನಡೆಯುವವ ಒಳಗೆ 15 ಅಡಿ ಮಾತ್ರ ಹೋಗಬಲ್ಲ. ನಟ್ಟನಡುವೆ ಸಿಕ್ಕವನಿಗೆ ಅಂಚು 20 ಅಡಿ ದೂರ. ಓಡದೆ ನಡೆದರೆ ಎರಡು ಸರದಿ ಬೇಕು.

ಬಿಟ್ಟವನಿಗೂ ಪುಕ್ಕಟೆ ಅಲ್ಲ. ಐದನೇ ಮಟ್ಟದ ವಾರ್ಲಾಕ್‌ನ ಕೈಯಲ್ಲಿ ಇಂಥ ಪ್ರಯೋಗ ಎರಡೇ. ಖರ್ಚಾದರೆ ಒಂದು ತಾಸು ವಿಶ್ರಾಂತಿಯ ಮೇಲೇ ಮತ್ತೆ ಜಮಾ. ಒಂದು ನಿಮಿಷಕ್ಕಿಂತ ಹೆಚ್ಚು ಬಾಳಿಕೆ ಇಲ್ಲ, ಅಷ್ಟರಲ್ಲಿ ಪೆಟ್ಟು ತಿಂದು ಏಕಾಗ್ರತೆ ತಪ್ಪಿದರೆ ಗೋಳವೇ ಮಾಯ. ಮುಖ್ಯ ಮಾತೆಂದರೆ, ಆ ಕತ್ತಲೆಗೆ ತನ್ನವ, ಪರರವ ಎಂಬ ಭೇದವಿಲ್ಲ. ಗೆಳೆಯ ಒಳಗಿದ್ದರೆ ಅವನಿಗೂ ಅದೇ ಪೆಟ್ಟು. ಅದಕ್ಕೇ ಮಗ ಮೊದಲೇ ಕೂಗಿ ಹೇಳಿದ್ದು. ಅಡತಿ ಅಂಗಡಿಯ ಕಿರ್ದಿ ಬರೆದವರಿಗೆ ಈ ಮಂತ್ರವಾದ ತಟ್ಟನೆ ತಿಳಿದೀತು.

ಜಾಗವನ್ನೇ ಬಗ್ಗಿಸುವ ವಸ್ತುಗಳ ಹಿಸಾಬು ಇನ್ನೂ ಮಜಾ. 'ಬ್ಯಾಗ್ ಆಫ್ ಹೋಲ್ಡಿಂಗ್' ಎಂಬ ಚೀಲ ಎತ್ತಿದರೆ ಏಳು ಕಿಲೋ, ಒಳಗೆ ಹಿಡಿಯುವುದು 500 ಪೌಂಡ್, ಅಂದರೆ ಎರಡೂಕಾಲು ಕ್ವಿಂಟಲ್ ಜೋಳ. ಒಳಗೆ ಮನುಷ್ಯ ಅಡಗಿದರೆ ಗಾಳಿ 10 ನಿಮಿಷಕ್ಕೆ ಮಾತ್ರ, ನಾಲ್ವರಿದ್ದರೆ ಎರಡೂವರೆ ನಿಮಿಷ. ಇನ್ನೊಂದು ಆರಡಿ ಅಗಲದ ಕರೀ ಬಟ್ಟೆ. ನೆಲಕ್ಕೆ ಹಾಸಿದರೆ ಹತ್ತಡಿ ಆಳದ ಗುಂಡಿ, ಮಡಚಿದರೆ ಕಿಸೆಯೊಳಗೆ. ಆ ಚೀಲವನ್ನು ಈ ಗುಂಡಿಯೊಳಗೆ ಇಟ್ಟರೆ ಮುಗೀತು, ಎರಡೂ ನಾಶ. ಹತ್ತಡಿಯೊಳಗೆ ನಿಂತವರೆಲ್ಲ ಬೇರೆ ಲೋಕದ ಪಾಲು. ನಮ್ಮ ಅಕ್ಷಯಪಾತ್ರೆಗೂ ಕರಾರಿತ್ತಲ್ಲ, ದ್ರೌಪದಿಯ ಊಟವಾದ ಮೇಲೆ ಅಂದಿಗೆ ಬಂದ್.

ಹೆದರಿದ ತಾಯಂದಿರು ನಮ್ಮಲ್ಲೇ ಮೊದಲಲ್ಲ. 1979ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಕಾಣೆಯಾದಾಗ, ಈ ಆಟವಾಡುತ್ತ ನೆಲದಡಿಯ ಸುರಂಗದಲ್ಲಿ ದಾರಿ ತಪ್ಪಿದನೆಂದು ಪತ್ರಿಕೆಗಳು ಬರೆದವು. ಸುಮಾರು ಒಂದು ತಿಂಗಳ ನಂತರ ಅವನು ಜೀವಂತ ಸಿಕ್ಕ, ಕಾರಣ ಆಟವಾಗಿರಲಿಲ್ಲ. ಹುಡುಗ ಒಳಗೊಳಗೇ ಬಹಳ ನೊಂದಿದ್ದ, ಅದನ್ನು ಯಾರೂ ಕೇಳಿರಲಿಲ್ಲ. ಆದರೂ 1980ರ ದಶಕವಿಡೀ ಆಟದ ಮೇಲೆ ಸೈತಾನ ಪೂಜೆಯ ಆರೋಪ ನಿಲ್ಲಲಿಲ್ಲ. 1989ರ ಎರಡನೇ ಆವೃತ್ತಿಯಲ್ಲಿ ಕಂಪನಿ ದೆವ್ವ-ಪಿಶಾಚಿಗಳ ಹೆಸರನ್ನೇ ಕೈಬಿಟ್ಟಿತು. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಅವು ಸುಮ್ಮನೆ ವಾಪಸ್ ಬಂದವು.

ನಮ್ಮಲ್ಲಿ ಭಯ ಬೇರೆ ದಾರಿ ಹಿಡಿಯುತ್ತದೆ. ಮಗನ ತಲೆ ಕೆಟ್ಟಿದೆ ಎಂದು ತಾಯಿತ ಕಟ್ಟಿಸಲು, ಕೋಳಿ ಇಳಿ ತೆಗೆಸಲು ಯಾರ ಹತ್ತಿರವೋ ಹೋಗುವುದು. ಗಂಡಾಂತರ ಇರುವುದು ಆ ಮನೆಯಲ್ಲಿ. ಮಹಾರಾಷ್ಟ್ರದಲ್ಲಿ ಮಾಟ-ಮಂತ್ರದ ವಿರುದ್ಧದ ಕಾಯ್ದೆ 2013ರಲ್ಲಿ ಬಂತು. ಅದಕ್ಕಾಗಿ ವರ್ಷಗಟ್ಟಲೆ ದುಡಿದ ಡಾ. ನರೇಂದ್ರ ದಾಭೋಲ್ಕರ್ ಅದೇ ವರ್ಷ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಗೆ ಬಲಿಯಾದರು. ಗಡಿಯಾಚೆ ಕರ್ನಾಟಕದ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಯಾಯಿತು. ತನಗೆ ಶಕ್ತಿಯಿದೆ ಎಂದು ಹೆದರಿಸಿ ದುಡ್ಡು ಕೀಳುವವನ ಮೇಲೆ ಆ ಕಾಯ್ದೆಗಳ ಕಣ್ಣು. ದಾಳ ಉರುಳಿಸುವ ಹುಡುಗ ತನಗೆ ಶಕ್ತಿಯಿದೆ ಎಂದು ಎಲ್ಲೂ ಹೇಳುವುದಿಲ್ಲ.

ಇದೇ ಆಟದ 2020ರ ಪುಸ್ತಕವೊಂದರಲ್ಲಿ 'ಡಾರ್ಕ್ ಸ್ಟಾರ್' ಎಂಬ ಇನ್ನೂ ದೊಡ್ಡ ಪ್ರಯೋಗವಿದೆ. 40 ಅಡಿ ತ್ರಿಜ್ಯದವರೆಗೆ ಕತ್ತಲೆ, ಜಜ್ಜಿಹಾಕುವ ಗುರುತ್ವ, ಒಳಗಿನ ಸದ್ದು ಹೊರಗೆ ಬಾರದು. ಕಪ್ಪುಕುಳಿಯ ನೆರಳು ಇದು. ನಿಜವಾದ ಕಪ್ಪುಕುಳಿಯ ಲೆಕ್ಕ ಹಾಕಿದವರಲ್ಲಿ ಕನ್ನಡಿಗರೇ ಒಬ್ಬರಿದ್ದಾರೆ. ಬೆಂಗಳೂರಲ್ಲಿ 1938ರಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ, ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗ. ಕಪ್ಪುಕುಳಿಯನ್ನು ಕದಲಿಸಿದರೆ ಅದು ಗಂಟೆಯಂತೆ ಮಿಡಿದು ಬೇಗ ಅಡಗುತ್ತದೆ ಎಂದು ಅವರು 1970ರಲ್ಲಿ ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಎರಡು ಕಪ್ಪುಕುಳಿ ಕೂಡಿದ ಅಲೆ ಅಮೆರಿಕದ ಯಂತ್ರಗಳಿಗೆ ಸಿಕ್ಕಿತು. 2017ರ ಜನವರಿಯಲ್ಲಿ ತೀರಿಕೊಂಡ ವಿಶ್ವೇಶ್ವರ ಆ ಸುದ್ದಿ ಕೇಳಿಯೇ ಹೋದರು.

ಒಳಕೋಣೆಯ ತಾಯಿ ಹಾಲಿನ ಲೋಟ ಹಿಡಿದು ಬಾಗಿಲು ತಟ್ಟಲಿ. ಏನು ಕೇಳಬೇಕೆಂದು ತೋಚದಿದ್ದರೆ ಇಷ್ಟು ಕೇಳಲಿ: "ಒಂದ ಬಿಟ್ಟಿಯಲ್ಲೋ, ಇನ್ನ ಎಷ್ಟ ಉಳದಾವ?"