ಬಾದಾಮಿ ಬಂಡೆಯೂ ರಾಜಾಸಾರಸ್ ಬುರುಡೆಯೂ

ಬಾದಾಮಿಯ ಕೆಂಪು ಬಂಡೆಗಳ ಮೇಲಿನ ಗುಂಡಿ, ಅಲೆಯಂಥ ಗೆರೆಗಳನ್ನು ಕಂಡು ಡೈನೋಸಾರ್ ಹೆಜ್ಜೆ ಇರಬಹುದೆಂದು ಊಹಿಸುವವರಿದ್ದಾರೆ. ಅಲ್ಲ. ಆ ಗೆರೆಗಳು ಉಸುಕಿನ ಮೇಲೆ ಹರಿದ ನೀರು ಬಿಟ್ಟ ಗುರುತು. ಈ ಉಸುಕುಗಲ್ಲು ಪದರಗಟ್ಟಿದ್ದು 50 ಕೋಟಿ ವರ್ಷಕ್ಕಿಂತಲೂ ಹಿಂದೆ. ಡೈನೋಸಾರ್‌ಗಳು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಹುನಗುಂದ, ಇಳಕಲ್ ಕಡೆಯ ಗ್ರಾನೈಟ್ ಇನ್ನೂ ಹಳೆಯದು, 250 ಕೋಟಿ ವರ್ಷದ ಆಸುಪಾಸಿನದು. ಶಿಲಾರಸ ನೆಲದಾಳದಲ್ಲಿ ಆರಿ ಆದ ಕಲ್ಲಿನಲ್ಲಿ ಎಲುಬು ಉಳಿಯುವ ಮಾತೇ ಇಲ್ಲ.

ಬಾಗಲಕೋಟೆ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಜಮಖಂಡಿಯ ಕಡೆ, ಎರೆ ಹೊಲಗಳ ಅಡಿಯಲ್ಲಿರುವ ದಖನ್ ಲಾವಾ ಮಾತ್ರ ಡೈನೋಸಾರ್‌ಗಳ ಕೊನೆಗಾಲದ್ದು, 6.6 ಕೋಟಿ ವರ್ಷದ ಹಿಂದಿನದು. ಆದರೆ ಡೈನೋಸಾರ್ ಪಳೆಯುಳಿಕೆ ಮುಖ್ಯವಾಗಿ ಸಿಗುವುದು ಲಾವಾದಲ್ಲಿ ಅಲ್ಲ, ಅದರಡಿಯ ಲಮೇಟಾ ಎಂಬ ಪದರಗಳಲ್ಲಿ. ಅವು ಇರುವುದು ಗುಜರಾತ್, ಮಧ್ಯಪ್ರದೇಶ, ಮಹಾರಾಷ್ಟ್ರಗಳಲ್ಲಿ.

ಆ ಪದರಗಳಲ್ಲೇ, ಗುಜರಾತಿನ ರಹಿಯೋಲಿಯಲ್ಲಿ 1980ರ ದಶಕದಲ್ಲಿ ದೊರೆತ ಡೈನೋಸಾರ್ ಎಲುಬುಗಳಿಗೆ 2003ರಲ್ಲಿ ‘ರಾಜಾಸಾರಸ್ ನರ್ಮದೆನ್ಸಿಸ್’ ಎಂದು ಹೆಸರಿಟ್ಟರು. ಚಿತ್ರಗಳಲ್ಲಿ ಅದರ ಇಡೀ ಬುರುಡೆ ನೋಡಿದವರು ಅದು ಹಾಗೆಯೇ ಸಿಕ್ಕಿತೆಂದು ತಿಳಿಯುತ್ತಾರೆ. ನಿಜವಾಗಿ ತಲೆಯಿಂದ ಸಿಕ್ಕಿದ್ದು ಮುಖ್ಯವಾಗಿ ಮಿದುಳುಗೂಡಿನ ಭಾಗ. ಉಳಿದದ್ದನ್ನು ಮಡಗಾಸ್ಕರದ ಮಜುಂಗಾಸಾರಸ್‌ನಂಥ ಬಂಧುಗಳನ್ನು ನೋಡಿ ತುಂಬಿದ್ದಾರೆ. ಇದನ್ನು ಮೋಸವೆನ್ನಲು ಬಾರದು, ಒಂದೇ ಕುಲದವುಗಳ ಎಲುಬಿನ ಸಾಮ್ಯದ ಮೇಲೆ ನಿಂತ ಲೆಕ್ಕ ಅದು. ಆದರೂ ಎಷ್ಟು ಎಲುಬು, ಎಷ್ಟು ಊಹೆ ಎಂಬುದನ್ನು ಚಿತ್ರದ ಕೆಳಗೆ ಬರೆಯಲೇಬೇಕು ಎಂಬುದು ನನ್ನ ಹಟ.

ಸಿಕ್ಕಷ್ಟೇ ಭಾಗ ಹೇಳುವ ಕತೆ ಸಣ್ಣದಲ್ಲ. ಹಣೆಯ ಮೇಲೆ ಒಂದೇ ಒಂದು ಗಿಡ್ಡ, ದುಂಡನೆಯ ಕೊಂಬು. ಮಜುಂಗಾಸಾರಸ್‌ನಲ್ಲಿ ಕೊಂಬು ಹಣೆಯ ಮೂಳೆಯಿಂದ ಎದ್ದರೆ, ಇದರಲ್ಲಿ ಮೂಗಿನ ಮೂಳೆಯೂ ಸೇರಿದೆ. ಬೇರೆ ಪ್ರಾಣಿಯೆಂದು ಗುರುತಿಸಲು ನೆರವಾದದ್ದು ಇಂಥ ವಿವರವೇ.

‘ಭಾರತದ ಟಿ. ರೆಕ್ಸ್’ ಎಂಬ ಬಿರುದೂ ಸರಿಯಲ್ಲ. ಟೈರನೋಸಾರಸ್ ಸುಮಾರು 12 ಮೀಟರ್ ಉದ್ದ. ಅದು ಬೇರೆ ಕುಲ. ರಾಜಾಸಾರಸ್ 9 ಮೀಟರ್ ವರೆಗೆ ಇದ್ದೀತೆಂಬ ಅಂದಾಜು ಮೊದಲಿತ್ತು. 2016ರ ಲೆಕ್ಕ ಸುಮಾರು 6.6 ಮೀಟರ್. ಬಾಲ, ಬೆನ್ನೆಲುಬು ಪೂರ್ತಿ ಸಿಗದಾಗ ಬಂಧುಗಳ ಅಳತೆಯಿಂದ ಉದ್ದ ಲೆಕ್ಕ ಹಾಕಬೇಕಾಗುತ್ತದೆ, ಬಂಧುಗಳು ಹೆಚ್ಚು ದೊರೆತಂತೆ ಲೆಕ್ಕ ಬದಲಾಗುತ್ತದೆ.

ಹಾಗೆಂದು ನಮ್ಮ ಸೀಮೆ ಪಳೆಯುಳಿಕೆಗೆ ಬರಡಲ್ಲ. ಗೋಕಾಕ ಹತ್ತಿರದ ಚಿಕ್ಕದೌಲಿಯಲ್ಲಿ ಸಿಕ್ಕ ಖಡ್ಗಮೃಗದ ಅವಶೇಷಗಳನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವರ್ಣಿಸಿದರು. ಘಟಪ್ರಭೆ, ಮಲಪ್ರಭೆಯ ದಂಡೆಯ ಮಣ್ಣಿನಲ್ಲಿ ಕಲ್ಲಾದ ಎಲುಬು ಕಂಡರೆ ಅಗೆದು ತೆಗೆಯಬೇಡಿ, ಒಡೆಯಬೇಡಿ. ಫೋಟೊ ತೆಗೆದು, ಜಾಗ ಗುರುತು ಹಾಕಿಕೊಂಡು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ತಿಳಿಸಿ.