ಸ್ಟೀರಾಯ್ಡ್ ನಮ್ಮ ಮೈಯಲ್ಲೇ ಹುಟ್ಟುತ್ತದೆ

"ಡಾಕ್ಟ್ರೇ, ಇದ್ರಲ್ಲಿ ಸ್ಟೀರಾಯ್ಡ್ ಇಲ್ಲ ತಾನೆ?" ಉಬ್ಬಸದ ಮಗುವಿಗೆ ಇನ್ಹೇಲರ್ ಬರೆದುಕೊಟ್ಟರೆ ಹೆತ್ತವರು ಮೊದಲು ಕೇಳುವುದು ಇದನ್ನೇ. ಸ್ಟೀರಾಯ್ಡ್ ಎಂದರೆ ಹೊರಗಿನಿಂದ ಬರುವ ವಿಷ ಎಂದು ಅವರು ನಂಬಿದ್ದಾರೆ.

ಹಾಗಲ್ಲ. ಎರಡೂ ಮೂತ್ರಪಿಂಡಗಳ ಮೇಲೆ ನಾಲ್ಕೈದು ಗ್ರಾಂ ತೂಕದ ಅಡ್ರಿನಲ್ ಗ್ರಂಥಿಗಳು ಟೋಪಿಯಂತೆ ಕೂತಿವೆ. ಅವುಗಳ ಹೊರಪದರ ದಿನವೂ ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ಸ್ರವಿಸುತ್ತದೆ. ಬೆಳಗಿನ ಜಾವ ಹೆಚ್ಚು, ನಡುರಾತ್ರಿ ತೀರ ಕಡಿಮೆ. ಉಪವಾಸದಲ್ಲಿ ಸಕ್ಕರೆ ಇಳಿಯದಂತೆ, ಜ್ವರ ಬಂದಾಗ ಬಿಪಿ ಕುಸಿಯದಂತೆ, ಉರಿಯೂತ ಮಿತಿ ಮೀರದಂತೆ ಕಾಯುವುದು ಅದೇ. ಅದೇ ಪದರದ ಆಲ್ಡೋಸ್ಟೆರಾನ್ ಉಪ್ಪು-ನೀರಿನ ಲೆಕ್ಕ ನೋಡಿಕೊಳ್ಳುತ್ತದೆ. ಕಾರ್ಟಿಸಾಲ್ ಬರೀ ಟೆನ್ಷನ್ ಹಾರ್ಮೋನು, ಕಡಿಮೆಯಾದಷ್ಟೂ ಒಳ್ಳೆಯದು ಎನ್ನುವವರು ಅಡಿಸನ್ ಕಾಯಿಲೆಯವರನ್ನು ನೋಡಬೇಕು. ಗ್ರಂಥಿ ಕೈಕೊಟ್ಟ ಅವರಿಗೆ ದಿನದ ಮಾತ್ರೆಯೇ ಜೀವ.

ಜಿಮ್‌ನಲ್ಲಿ ಮೈ ಉಬ್ಬಿಸಲು ಚುಚ್ಚಿಕೊಳ್ಳುವ ಸ್ಟೀರಾಯ್ಡ್ ಬೇರೆ. ಅದು ಟೆಸ್ಟೋಸ್ಟೆರಾನ್ ಬಳಗದ್ದು. ಇನ್ನು ಇನ್ಹೇಲರ್ ಔಷಧಿ ನೇರ ಶ್ವಾಸನಾಳಕ್ಕೆ ಹೋಗುವುದರಿಂದ ಮೈಕ್ರೋಗ್ರಾಂ ಲೆಕ್ಕದಲ್ಲಿ ಸಾಕು. ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು, ಅಷ್ಟೆ.

ನನಗೆ ಹೆದರಿಕೆ ಇರುವುದು ಬೇರೆ ಕಡೆ. "ಮಂಡಿ ನೋವು ಕಣಪ್ಪ, ಒಂದು ಸೆಟ್ ಕೊಡು" ಎಂದು ಅಜ್ಜಿ ಮೆಡಿಕಲ್ ಶಾಪಿನ ಮುಂದೆ ನಿಲ್ಲುತ್ತಾಳೆ. ಕಾಗದದ ಪೊಟ್ಟಣದಲ್ಲಿ ನಾಲ್ಕು ಬಗೆಯ ಮಾತ್ರೆ. ಅದರಲ್ಲಿ ಚಿಕ್ಕ ಬಿಳಿಯದು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್. ಮರುದಿನ ನೋವು ಮಾಯ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಇದೇ ಬಳಗದ ಕಾರ್ಟಿಸೋನ್ ಚುಚ್ಚಿಸಿಕೊಂಡ ಸಂಧಿವಾತದ ಹೆಣ್ಣುಮಗಳೂ ಕೆಲವೇ ದಿನಗಳಲ್ಲಿ ಎದ್ದು ನಡೆದಿದ್ದಳು. ಅಡ್ರಿನಲ್ ಹಾರ್ಮೋನುಗಳ ಸಂಶೋಧನೆಗಾಗಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಅವರಿಗೆ 1950ರಲ್ಲಿ ನೊಬೆಲ್ ಬಂತು. ಆದರೆ ಅಡಗಿದ್ದು ಉರಿಯೂತ; ಕಾಯಿಲೆ ಹೋಗಿರಲಿಲ್ಲ. ತಿಂಗಳುಗಟ್ಟಲೆ ನುಂಗಿದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಬೆಳ್ಳಗಾಗಲೆಂದು ಹಚ್ಚುವ ಸ್ಟೀರಾಯ್ಡ್ ಮುಲಾಮು ಮುಖದ ಚರ್ಮವನ್ನೇ ತೆಳುವಾಗಿಸುತ್ತದೆ.

ಇದನ್ನು ಓದಿ ಯಾರೂ ಇವತ್ತೇ ಮಾತ್ರೆ ನಿಲ್ಲಿಸಬೇಡಿ. ಬೇಡವೆಂದರೆ ಬಿಟ್ಟರಾಯಿತು ಎಂಬುದೇ ಎಲ್ಲಕ್ಕಿಂತ ಅಪಾಯದ ನಂಬಿಕೆ. ಸ್ಟೀರಾಯ್ಡ್ ಹೊರಗಿನಿಂದ ಬರುತ್ತಿದೆ ಎಂದು ಗೊತ್ತಾದರೆ ಮಿದುಳಿನ ಪಿಟ್ಯುಟರಿ ಅಡ್ರಿನಲ್‌ಗೆ ಕೆಲಸ ಹೇಳುವುದನ್ನು ನಿಲ್ಲಿಸುತ್ತದೆ. ಗ್ರಂಥಿ ಮತ್ತೆ ಚುರುಕಾಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ಜ್ವರವೋ ವಾಂತಿಯೋ ಬಂದರೆ ಬಿಪಿ ಕುಸಿದು ಜೀವಕ್ಕೇ ಕುತ್ತು. ಡೋಸನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಆಪರೇಷನ್ ಇದ್ದರೆ, ಅಂಗಡಿಯಿಂದ ತಂದ ಪೊಟ್ಟಣದ ವಿಷಯವನ್ನೂ ಮುಚ್ಚಿಡದೆ ಮೊದಲೇ ಹೇಳಿ.