ಮೂಲೆ ಸೇರಿದ ಪಂಪ್ ಸ್ಟವ್

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯ ಹಳೆಯ ಮನೆಗಳ ಅಟ್ಟದ ಮೇಲೆ ಕಿಲುಬು ಹಿಡಿದ ಹಿತ್ತಾಳೆಯ ಪಂಪ್ ಸ್ಟವ್ ಒಂದು ಸಿಕ್ಕಿದರೆ ಆಶ್ಚರ್ಯವಿಲ್ಲ. ಮನೆಯಲ್ಲಿ ಬೀಗರಿಗೆ ಚಹ ಕಾಯಿಸುತ್ತಿದ್ದ ಈ ಒಲೆ ಜಾತ್ರೆಗೆ ಹೊರಟ ಚಕ್ಕಡಿಯನ್ನೂ ಏರುತ್ತಿತ್ತು. ಅಡುಗೆ ಅನಿಲ ಬಂದ ಮೇಲೆ ಅದು ಮೂಲೆ ಸೇರಿತು. ಅದನ್ನು ಮತ್ತೆ ಉರಿಸಬಹುದೇ? ಬಹುಮಟ್ಟಿಗೆ ಉರಿಸಬಹುದು. ಆದರೆ ಇಕ್ಕಳ, ಪಾನಾಗಳಿಗಿಂತ ಮೊದಲು ಬೇಕಾದುದು ಅದರೊಳಗಿನ ಭೌತವಿಜ್ಞಾನದ ಅರಿವು. ಅದಿಲ್ಲದೆ ಕೈಹಾಕಿದರೆ ಪ್ರಾಣಕ್ಕೇ ಅಪಾಯ.

ಈ ಬಗೆಯ ಒಲೆಯನ್ನು 1892ರಲ್ಲಿ ರೂಪಿಸಿದವನು ಸ್ವೀಡನ್ನಿನ ಫ್ರಾನ್ಸ್ ವಿಲ್‌ಹೆಲ್ಮ್ ಲಿಂಡ್‌ಕ್ವಿಸ್ಟ್. ಅವನ ‘ಪ್ರೈಮಸ್’ ಜಗತ್ತನ್ನೆಲ್ಲ ಸುತ್ತಿತು. 1911ರಲ್ಲಿ ದಕ್ಷಿಣ ಧ್ರುವವನ್ನು ಮುಟ್ಟಿದ ಅಮುಂಡ್ಸನ್ನನ ತಂಡಕ್ಕೂ, 1953ರಲ್ಲಿ ಎವರೆಸ್ಟನ್ನೇರಿದ ತೇನ್‌ಸಿಂಗ್ ಮತ್ತು ಹಿಲರಿಯವರಿಗೂ ಹಿಮ ಕರಗಿಸಿ ನೀರು ಕೊಟ್ಟುದು ಇದೇ ಒಲೆ.

ಉರಿಯುವ ಬಗೆ

ಇಲ್ಲಿ ಬತ್ತಿಯಿಲ್ಲ. ಪಂಪಿನಿಂದ ತುಂಬಿದ ಗಾಳಿಯು ಚಿಮಣಿ ಎಣ್ಣೆಯನ್ನು ಒತ್ತಿ ನಡುವಣ ಕೊಳವೆಯಲ್ಲಿ ಮೇಲಕ್ಕೇರಿಸುತ್ತದೆ. ಇದಕ್ಕೆ ಬೇಕಾದ ಒತ್ತಡ ಅಗಾಧವಾದುದಲ್ಲ. ಗೋಕಾಕ ಜಲಪಾತದ ಎತ್ತರ ಸುಮಾರು 52 ಮೀಟರು. ಅಷ್ಟೆತ್ತರದ ಕೊಳವೆಯಲ್ಲಿ ನೀರು ನಿಂತರೆ ಬುಡದಲ್ಲಿ ಸುಮಾರು 5 ವಾಯುಮಂಡಲಗಳ ಒತ್ತಡವುಂಟಾಗುತ್ತದೆ. ಸ್ಟವ್‌ಗೆ ಅದರ ಒಂದಂಶವೇ ಸಾಕು. ಮೇಲೇರಿದ ಎಣ್ಣೆ ಕಾದ ಬರ್ನರಿನಲ್ಲಿ ಆವಿಯಾಗಿ, ನಿಪ್ಪಲ್‌ನ ಸಣ್ಣ ರಂಧ್ರದಿಂದ ವೇಗವಾಗಿ ಚಿಮ್ಮುತ್ತದೆ; ಸುತ್ತಲಿನ ಗಾಳಿಯನ್ನು ಸೆಳೆದುಕೊಂಡು ನೀಲಿಯಾಗಿ ಉರಿಯುತ್ತದೆ. ಗಾಳಿ ಸಾಲದಿದ್ದರೆ ಮಸಿಯ ಕಣಗಳು ಕೆಂಡದಂತೆ ಬೆಳಗಿ ಜ್ವಾಲೆ ಹಳದಿಯಾಗುತ್ತದೆ.

ದುರಸ್ತಿಯ ಕ್ರಮ

ಮೊದಲು ಹಳೆಯ ಎಣ್ಣೆಯನ್ನು ಚೆಲ್ಲಿ, ಹೊಸ ಎಣ್ಣೆಯಿಂದ ಒಳಗಿನ ಜಿಗುಟನ್ನು ತೊಳೆಯಬೇಕು. ಪಂಪ್ ಗಾಳಿ ಹಿಡಿಯದಿದ್ದರೆ ಅದರ ಬಟ್ಟಲಿನಾಕಾರದ ಚರ್ಮದ ವಾಶರನ್ನು ನೋಡಿರಿ. ಕೆಳಗೊತ್ತುವಾಗ ಅದರ ಅಂಚು ಅರಳಿ ಗೋಡೆಗೆ ಅಂಟಬೇಕು. ಮೇಲೆಳೆಯುವಾಗ ಕುಗ್ಗಿ ಗಾಳಿಗೆ ದಾರಿ ಬಿಡಬೇಕು. ಒಣಗಿದ ಚರ್ಮಕ್ಕೆ ಈ ಗುಣವಿಲ್ಲ. ಎಣ್ಣೆಯಲ್ಲಿ ನೆನೆಯಿಸಿ ಅಂಚನ್ನು ಹೊರಕ್ಕೆ ಅರಳಿಸಿದರೆ ಅನೇಕ ವೇಳೆ ಅದು ಜೀವ ತಳೆಯುತ್ತದೆ. ಒತ್ತಿದ ಹಿಡಿ ತಾನಾಗಿ ಮೇಲೇಳುತ್ತಿದ್ದರೆ ದೋಷವು ಪಂಪಿನ ತುದಿಯ ಕವಾಟದಲ್ಲಿದೆ.

ಅನಂತರ, ಒಲೆ ಹೊತ್ತಿಸದೆಯೇ ಗಾಳಿ ತುಂಬಿ, ಬೆಸುಗೆಗಳಿಗೂ ಮುಚ್ಚಳಕ್ಕೂ ಸಾಬೂನಿನ ನೀರು ಸವರಿರಿ. ಗುಳ್ಳೆ ಎದ್ದಲ್ಲಿ ಸೋರಿಕೆಯುಂಟು. ಮುಚ್ಚಳದ ವಾಶರು ಹಾಳಾಗಿದ್ದರೆ ಹೊಸದನ್ನು ಹಾಕಬಹುದು. ಟಾಕಿಯೇ ಬಿರುಕು ಬಿಟ್ಟಿದ್ದರೆ ಅಥವಾ ತುಕ್ಕು ತಿಂದು ತೆಳ್ಳಗಾಗಿದ್ದರೆ ಅದನ್ನು ಉರಿಸುವ ಆಸೆಯನ್ನೇ ಬಿಡಬೇಕು. ಅಂಥದನ್ನು ಮನೆಯಲ್ಲಿ ಬೆಸೆಯಲು ಹೋಗಬಾರದು. ಒಳಗೆ ಉಳಿದ ಎಣ್ಣೆಯ ಆವಿ ಸಿಡಿಯಬಹುದು.

ನಿಪ್ಪಲ್‌ನ ರಂಧ್ರವನ್ನು ಅದರದೇ ಪಿನ್ನಿನಿಂದ ಚುಚ್ಚಬೇಕು. ದಪ್ಪ ಸೂಜಿ ಹಾಕಿ ರಂಧ್ರ ಅಗಲವಾದರೆ ಆವಿ ಹೆಚ್ಚಿ ಗಾಳಿ ಸಾಲದೆ ಹೊಗೆಯೇಳುತ್ತದೆ.

ಬೆಂಕಿಯ ಮುನ್ನ

ಬರ್ನರಿನ ಕೆಳಗಿನ ಬಟ್ಟಲಲ್ಲಿ ಸ್ಪಿರಿಟ್ ಉರಿಸಿ, ಅದು ಮುಗಿಯುತ್ತ ಬಂದಾಗ ಗಾಳಿಯ ತಿರುಪು ಬಿಗಿದು ಪಂಪ್ ಮಾಡಬೇಕು. ಅವಸರ ಮಾಡಿದರೆ ಆವಿಯ ಬದಲು ಎಣ್ಣೆಯೇ ಚಿಮ್ಮಿ ಆಳುದ್ದದ ಹಳದಿ ಉರಿ ಏಳುತ್ತದೆ. ಆಗ ಮತ್ತೆ ಪಂಪ್ ಮಾಡದೆ ತಿರುಪನ್ನು ಸಡಿಲಿಸಿದರೆ ಒತ್ತಡವಿಳಿದು ಉರಿ ತಗ್ಗುವುದು. ಆದುದರಿಂದ ಮೊದಲ ಪ್ರಯೋಗವು ಅಂಗಳದಲ್ಲಿ, ಹಿರಿಯರ ಎದುರಿನಲ್ಲಿಯೇ ಆಗಲಿ. ಉರಿಯುತ್ತಿರುವಾಗ ಎಂದೂ ಎಣ್ಣೆ ತುಂಬಕೂಡದು.

ಪೆಟ್ರೋಲನ್ನಂತೂ ಹನಿಯಷ್ಟೂ ಬೆರೆಸಬಾರದು. ಚಿಮಣಿ ಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳಲು ಎಣ್ಣೆ ಸುಮಾರು 38 ಡಿಗ್ರಿ ಸೆಂಟಿಗ್ರೇಡಿನಷ್ಟಾದರೂ ಕಾಯಬೇಕು; ಪೆಟ್ರೋಲಿಗೆ ಸೊನ್ನೆಗಿಂತ ಬಹಳ ಕೆಳಗಿನ ಉಷ್ಣತೆಯೇ ಸಾಕು.

ಇಷ್ಟು ತಿಳಿದವರಿಗೆ ಜ್ವಾಲೆಯೇ ನಾಡಿಯಿದ್ದಂತೆ. ಹಳದಿಯಾದರೆ ಶಾಖವನ್ನೂ ನಿಪ್ಪಲನ್ನೂ, ಕುಗ್ಗಿದರೆ ಒತ್ತಡವನ್ನೂ ಪರೀಕ್ಷಿಸಬೇಕು. ಭೋರೆಂದು ನೀಲಿಯಾಗಿ ಉರಿದರೆ ಒಲೆ ಸ್ವಸ್ಥವಾಗಿದೆ ಎಂದು ತಿಳಿಯಬಹುದು.